ಮಟ್ಟ ಸರಿಯಿತ್ತು, ಎಣ್ಣೆ ಮುಗಿದಿತ್ತು

ಅವತ್ತು ಬೆಳಿಗ್ಗೆ ಲಾನ್ ಮೋವರ್ ಶುರು ಮಾಡುವ ಮುಂಚೆ ನಾನು ಎಣ್ಣೆ ನೋಡಿದ್ದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದಾಗ ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಕಪ್ಪು ಬಣ್ಣ, ಗೆರೆ ಬಹಳ ಸ್ಪಷ್ಟ. ಅರ್ಧ ಹುಲ್ಲು ಕತ್ತರಿಸುವಷ್ಟರಲ್ಲಿ ಇಂಜಿನ್ನಿನ ಸದ್ದಿನೊಳಗೆ ಒಂದು ಹೊಸ ಟಕಟಕ ಸೇರಿಕೊಂಡಿತು. ಬ್ಲೇಡಿಗೆ ಏನೋ ತಗುಲಿರಬೇಕು ಅಂದುಕೊಂಡು ಇನ್ನೊಂದು ಸಾಲು ತಳ್ಳಿದೆ. ಆಮೇಲೆ ಕೇಳಿದ್ದು ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದಂಥ ಒಂದೇ ಒಂದು ಸದ್ದು. ಇಂಜಿನ್ ನಿಂತಿತು. ಶುರು ಮಾಡುವ ಹಗ್ಗ ಎಳೆದರೆ ಯಾವ ಬಿಗಿಯೂ ಇಲ್ಲದೆ ಸಲೀಸಾಗಿ ಕೈಗೆ ಬಂತು. ಕೆಳಗೆ ಹುಲ್ಲಿನ ಮೇಲೆ ಎಣ್ಣೆ ಇಳಿಯುತ್ತಿತ್ತು.

ಬಿಚ್ಚಿ ನೋಡಿದಾಗ ಕನೆಕ್ಟಿಂಗ್ ರಾಡ್, ಅಂದರೆ ಹಿಂದೆ ಮುಂದೆ ಓಡುವ ಪಿಸ್ಟನ್ನನ್ನು ತಿರುಗುವ ದಂಡಕ್ಕೆ (ಕ್ರ್ಯಾಂಕ್) ಜೋಡಿಸುವ ಸರಳು, ಎರಡು ತುಂಡಾಗಿತ್ತು. ತುಂಡಾದ ಕೆಳಭಾಗ ಕ್ರ್ಯಾಂಕಿನ ಜೊತೆ ತಿರುಗುತ್ತ ಹೋಗಿ ಎಣ್ಣೆ ತುಂಬಿರುವ ಹೊರಕವಚದ (ಕ್ರ್ಯಾಂಕ್‌ಕೇಸ್) ಗೋಡೆಗೆ ಬಡಿದು ಹೆಬ್ಬೆರಳು ತೂರುವಷ್ಟು ತೂತು ಮಾಡಿತ್ತು. ರಾಡು ಕೂರುವ ಕ್ರ್ಯಾಂಕ್ ಪಿನ್ನಿನ ಮೇಲೆ ಬೆರಳಾಡಿಸಿದರೆ ಕನ್ನಡಿಯಂತೆ ನುಣುಪಾಗಿರಬೇಕಾದ ಉಕ್ಕಿನ ಮೇಲೆ ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡು ಒರಟಾಗಿತ್ತು. ಅಷ್ಟು ಹೊತ್ತಿಗೂ ನನಗೆ ಅರ್ಥವಾಗದೇ ಇದ್ದದ್ದು ಒಂದೇ ವಿಷಯ: ಎಣ್ಣೆ ಇತ್ತಲ್ಲ! ನಾನೇ ನೋಡಿದ್ದೆನಲ್ಲ.

ಹೌದು, ಇತ್ತು. ನಾಲ್ಕು ವರ್ಷದಿಂದ ಇದ್ದದ್ದೂ ಅದೇ ಎಣ್ಣೆ. ಕಡಿಮೆಯಾದಾಗಲೆಲ್ಲ ಒಂದಿಷ್ಟು ಸೇರಿಸಿದ್ದೆ, ಒಂದು ಸಲವೂ ಪೂರ್ತಿ ಇಳಿಸಿರಲಿಲ್ಲ. ಡಿಪ್‌ಸ್ಟಿಕ್ ನನಗೆ ಸುಳ್ಳು ಹೇಳಿರಲಿಲ್ಲ. ಅದು ಹೇಳುವುದು ಎಷ್ಟಿದೆ ಎಂದು ಮಾತ್ರ. ಇರುವುದು ಇನ್ನೂ ಎಣ್ಣೆಯಾಗಿ ಉಳಿದಿದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಗೆರೆಯೇ ಇಲ್ಲ.

ಆ ದಿನದಿಂದ ಈಚೆಗೆ ನಾನು ಮುಟ್ಟಿದ ಪ್ರತಿ ಸಣ್ಣ ಇಂಜಿನ್ನಿನ ಎಣ್ಣೆಯನ್ನೂ ಹೊತ್ತಿಗೆ ಸರಿಯಾಗಿ ಬದಲಿಸಿದ್ದೇನೆ. ಲಾನ್ ಮೋವರ್, ಟಿಲ್ಲರ್, ನೀರಿನ ಪಂಪು, ಜನರೇಟರ್, ಪ್ರೆಷರ್ ವಾಷರ್. ಬದಲಿಸುತ್ತ ಬದಲಿಸುತ್ತ ಈ ಇಂಜಿನ್ನುಗಳ ಒಳಗೆ ಏನು ನಡೆಯುತ್ತದೆ ಎಂಬುದೂ ಗೊತ್ತಾಗುತ್ತ ಬಂತು. ಅದು ಗೊತ್ತಾದರೆ ಯಾರಿಗೂ ಯಾರೂ ನೆನಪಿಸಬೇಕಾಗಿಲ್ಲ ಅನ್ನುವುದು ನನ್ನ ಅನುಭವ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರಿನ ಇಂಜಿನ್ನಿನಲ್ಲಿ ಎಣ್ಣೆಗೊಂದು ಪಂಪ್ ಇದೆ, ಒಂದು ಫಿಲ್ಟರ್ ಇದೆ. ಪಂಪ್ ಎಣ್ಣೆಯನ್ನು ಒತ್ತಡದಲ್ಲಿ ಬೇರಿಂಗುಗಳಿಗೆ ಕಳಿಸುತ್ತದೆ, ಫಿಲ್ಟರ್ ದಾರಿಯಲ್ಲೇ ಕೊಳೆ ಹಿಡಿಯುತ್ತದೆ. ಸಾಮಾನ್ಯ ಲಾನ್ ಮೋವರಿನ ಇಂಜಿನ್ನಿನಲ್ಲಿ ಇವೆರಡೂ ಇಲ್ಲ. ಕ್ರ್ಯಾಂಕ್ ಅಡ್ಡಕ್ಕಿರುವ ಇಂಜಿನ್ನುಗಳಲ್ಲಿ ಕನೆಕ್ಟಿಂಗ್ ರಾಡಿನ ತುದಿಗೆ ಚಮಚದಂಥ ಒಂದು ಸಣ್ಣ ಬಾಲ ಇರುತ್ತದೆ. ಪ್ರತಿ ಸುತ್ತಿಗೂ ಅದು ತಳದ ಎಣ್ಣೆಯಲ್ಲಿ ಮುಳುಗಿ ಎದ್ದು ಎಣ್ಣೆಯನ್ನು ಎರಚುತ್ತದೆ. ಕ್ರ್ಯಾಂಕ್ ನೇರ ನಿಂತಿರುವ ಮೋವರುಗಳಲ್ಲಿ ಆ ಕೆಲಸವನ್ನು ರೆಕ್ಕೆಗಳಿರುವ ಒಂದು ಗೇರ್ ಮಾಡುತ್ತದೆ. ಸಿಲಿಂಡರಿನ ಗೋಡೆ, ಪಿಸ್ಟನ್ ಪಿನ್ನು, ಕ್ಯಾಮ್, ಬೇರಿಂಗು ಎಲ್ಲವೂ ಬದುಕುವುದು ಈ ಎರಚಾಟದಲ್ಲಿ ಹುಟ್ಟುವ ಹನಿ ಮತ್ತು ಮಂಜಿನ ಮೇಲೆ.

ಇನ್ನೊಂದು ವಿಷಯ ನನಗೆ ಆ ಮುರಿದ ರಾಡನ್ನು ಕೈಯಲ್ಲಿ ಹಿಡಿದಾಗಲೇ ಗೊತ್ತಾದದ್ದು. ಕಾರಿನಲ್ಲಿ ರಾಡಿಗೂ ಕ್ರ್ಯಾಂಕಿಗೂ ನಡುವೆ ಬೇರಿಂಗ್ ಶೆಲ್ ಎಂಬ ತೆಳು ಲೋಹದ ಪಟ್ಟಿ ಇರುತ್ತದೆ. ಸವೆದರೆ ಅದನ್ನು ಬದಲಿಸಬಹುದು. ಈ ಸಣ್ಣ ಇಂಜಿನ್ನುಗಳಲ್ಲಿ ಹೆಚ್ಚಿನವುಗಳಲ್ಲಿ ರಾಡಿನ ಅಲ್ಯೂಮಿನಿಯಮ್ಮೇ ನೇರವಾಗಿ ಉಕ್ಕಿನ ಪಿನ್ನಿನ ಮೇಲೆ ತಿರುಗುತ್ತದೆ. ನಡುವೆ ಇರುವುದು ಮೈಕ್ರಾನ್‌ಗಳಲ್ಲಿ ಅಳೆಯಬೇಕಾದಷ್ಟು ತೆಳುವಾದ ಎಣ್ಣೆಯ ಪದರ, ಅಷ್ಟೇ. ಆ ಪದರ ಹರಿದರೆ ಲೋಹ ಲೋಹವನ್ನು ಮುಟ್ಟುತ್ತದೆ. ನನ್ನ ಇಂಜಿನ್ನಿನಲ್ಲಿ ಹರಿದದ್ದು ಅದೇ.

ಒಂದು ಲೆಕ್ಕ ಹಾಕೋಣ. ಇಂಥ ಇಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತದೆ. 50 ಗಂಟೆಗೆ 90 ಲಕ್ಷ ಸುತ್ತು. ಸಾಮಾನ್ಯ ಮೋವರಿನ ಹೊಟ್ಟೆಯಲ್ಲಿರುವ ಎಣ್ಣೆ ಅರ್ಧ ಲೀಟರಿಗಿಂತ ಚೂರು ಹೆಚ್ಚು, 0.6 ಲೀಟರಿನ ಆಸುಪಾಸು. 90 ಲಕ್ಷ ಸಲವೂ ಎತ್ತಿ ಎರಚುವುದು ಅದೇ 0.6 ಲೀಟರನ್ನೇ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 50 ಗಂಟೆ ಓಡಿದ ವಾಹನ 2000 ಕಿಲೋಮೀಟರ್ ದಾಟಿರುತ್ತದೆ. ಕಾರಿಗೆ ಅದು ಏನೂ ಅಲ್ಲ ನಿಜ. ಆದರೆ ಕಾರಿನಲ್ಲಿ ನಾಲ್ಕು ಲೀಟರಿನಷ್ಟು ಎಣ್ಣೆ ಇದೆ, ಫಿಲ್ಟರ್ ಇದೆ, ನೀರಿನ ತಂಪು ಇದೆ. ಮೋವರಿಗೆ ಸಿಗುವುದು ಗಾಳಿಯ ತಂಪು ಮಾತ್ರ, ಅದೂ ತನ್ನದೇ ಧೂಳು ಹಾಗೂ ಹುಲ್ಲಿನ ಪುಡಿಯ ನಡುವೆ. ಹೀಗಾಗಿ ಸಿಲಿಂಡರಿನ ಬಿಸಿಯನ್ನು ಹೊರಗೆ ಸಾಗಿಸುವ ಕೆಲಸದಲ್ಲಿ ಎಣ್ಣೆಯ ಪಾಲು ದೊಡ್ಡದು.

ಫಿಲ್ಟರ್ ಇಲ್ಲದ ಇಂಜಿನ್ನಿನಲ್ಲಿ ಕೊಳೆ ಹೊರಗೆ ಹೋಗಲು ಇರುವುದು ಒಂದೇ ಬಾಗಿಲು, ಡ್ರೈನ್ ಬೋಲ್ಟ್. ಎಣ್ಣೆ ಬದಲಿಸುವುದೇ ಅದರ ಫಿಲ್ಟರ್. ಮೇಲಿಂದ ಮೇಲೆ ಸೇರಿಸುತ್ತ ಹೋದರೆ ಹೊಸ ಎಣ್ಣೆ ಹಳೆಯದರ ಕೊಳೆಗೆ ಸೇರಿಕೊಳ್ಳುತ್ತದೆ. ಕೊಳೆ ಅಲ್ಲೇ ಇರುತ್ತದೆ.

ಆ ಕೊಳೆ ಏನೇನು? ಮಸಿ ಎಲ್ಲರಿಗೂ ಗೊತ್ತು. ನನಗೆ ಆಶ್ಚರ್ಯವಾದದ್ದು ನೀರಿನ ವಿಷಯ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಕೂಡಿ ಆಗುವ ನೀರು ಅದು. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಚೂರುಪಾರು ಉರಿದ ಗಾಳಿಯ ಜೊತೆ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗೆ ಎಣ್ಣೆಯ ಕಡೆಗೂ ಇಳಿಯುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದರೆ ಅದು ಮತ್ತೆ ಆವಿಯಾಗಿ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ಹೋಗುತ್ತದೆ. ಐದೇ ನಿಮಿಷ ಓಡಿಸಿ ನಿಲ್ಲಿಸುವವರ ಇಂಜಿನ್ನಿನಲ್ಲಿ ಅಲ್ಲೇ ಉಳಿಯುತ್ತದೆ. ಹೀಗಾಗಿ ಕಡಿಮೆ ಓಡಿಸಿದ್ದೇನೆ, ಎಣ್ಣೆ ಹಾಗೇ ಇದೆ ಎಂಬ ಮಾತು ನಿಲ್ಲುವುದಿಲ್ಲ. ಸ್ವಲ್ಪ ಸ್ವಲ್ಪವೇ ಓಡಿದ ಇಂಜಿನ್ನಿನ ಎಣ್ಣೆ ಬೇರೆ ರೀತಿಯಲ್ಲಿ ಕೆಡುತ್ತದೆ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಿಸಿ ಎಂದು ಕೈಪಿಡಿಗಳು ಹೇಳುವುದು ಸುಮ್ಮನೆ ಅಲ್ಲ.

ನೀರಿನ ಜೊತೆ ಆಮ್ಲವೂ ಬರುತ್ತದೆ. ಎಣ್ಣೆಯಲ್ಲಿ ಆಮ್ಲವನ್ನು ತಟಸ್ಥ ಮಾಡುವ, ಮಸಿಯನ್ನು ತೇಲಿಸಿ ಹಿಡಿಯುವ, ಸವೆತ ತಡೆಯುವ ರಾಸಾಯನಿಕಗಳನ್ನು ತಯಾರಿಸುವಾಗಲೇ ಬೆರೆಸಿರುತ್ತಾರೆ. ಅವು ಕೆಲಸ ಮಾಡುತ್ತ ಮಾಡುತ್ತ ಖರ್ಚಾಗುತ್ತವೆ. ಎಣ್ಣೆ ಮುಗಿಯುವುದು ಅಂದರೆ ಇದೇ. ಪ್ರಮಾಣ ಅಷ್ಟೇ ಇರುತ್ತದೆ, ಕಸುವು ಹೋಗಿರುತ್ತದೆ.

ಬಣ್ಣ ನೋಡಿ ತೀರ್ಮಾನ ಮಾಡುವವರಿಗೆ ಒಂದು ಮಾತು. ಕಪ್ಪಾಗಿದೆ ಎಂದ ಮಾತ್ರಕ್ಕೆ ಎಣ್ಣೆ ಕೆಟ್ಟಿದೆ ಅಂತಲ್ಲ; ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತಾನು ಹೊತ್ತುಕೊಂಡಿದೆ ಎಂದರ್ಥ. ನಾನು ಹೆದರುವುದು ಬೇರೆ ಮೂರು ಗುರುತಿಗೆ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಡಿದು, ಮಟ್ಟವೂ ಮೊದಲಿಗಿಂತ ಏರಿದ್ದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರಿನ ಸೂಜಿ ಸರಿಯಾಗಿ ಮುಚ್ಚದೆ ಪೆಟ್ರೋಲ್ ಒಳಗಿಳಿದಿದೆ. ಅಂಥ ಇಂಜಿನ್ನನ್ನು ಶುರು ಮಾಡಲೇ ಕೂಡದು. ಸೋರಿಕೆ ನಿಲ್ಲಿಸಿ, ಎಣ್ಣೆ ಪೂರ್ತಿ ಇಳಿಸಿ, ಹೊಸದು ಹಾಕಿದ ಮೇಲೆ ಮುಂದಿನ ಮಾತು. ಮೂರನೆಯದು ಹೊಳಪು.

ಈ ಹೊಳಪನ್ನು ಹೊಸ ಇಂಜಿನ್ನಿನಲ್ಲಿ ಎಲ್ಲರೂ ಒಮ್ಮೆ ನೋಡಬೇಕು. ಆ ರಾಡ್ ಮುರಿದ ಮೇಲೆ ತಂದ ಹೊಸ ಮೋವರಿನ ಮೊದಲ ಎಣ್ಣೆಯನ್ನು ಐದು ಗಂಟೆ ಓಡಿಸಿದ ಮೇಲೆ ಬಿಳಿ ತಟ್ಟೆಯೊಂದಕ್ಕೆ ಇಳಿಸಿದೆ. ಬಿಸಿಲಿಗೆ ಹಿಡಿದು ತಟ್ಟೆಯನ್ನು ನಿಧಾನ ಓಲಾಡಿಸಿದಾಗ ಎಣ್ಣೆಯೊಳಗೆ ಬೆಳ್ಳಿಯ ಹೊಗೆ ಸುಳಿದಂತೆ ಏನೋ ತಿರುಗಿತು. ಬೆರಳುಗಳ ನಡುವೆ ತಿಕ್ಕಿದರೆ ಏನೂ ತಾಗದು, ಅಷ್ಟು ನುಣ್ಣಗಿನ ಪುಡಿ. ಹೊಸ ರಿಂಗು, ಹೊಸ ಬೋರು, ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಕಳಚಿದ ಲೋಹ ಅದು. ಹೊಂದಿಕೊಳ್ಳುವ ಹೊತ್ತಿನಲ್ಲಿ ಅಷ್ಟು ಸಹಜವೇ. ಆದರೆ ಅದನ್ನು ಅಲ್ಲೇ ಬಿಟ್ಟರೆ ಮುಂದಿನ 90 ಲಕ್ಷ ಸುತ್ತಿಗೂ ಇಂಜಿನ್ ಎರಚುವುದು ಆ ಪುಡಿಯನ್ನೇ. ಮೊದಲ ಬದಲಾವಣೆಯನ್ನು ಕೆಲವು ಇಂಜಿನ್ನುಗಳಿಗೆ 5 ಗಂಟೆಗೆ, ಕೆಲವಕ್ಕೆ 20 ಗಂಟೆಗೆ ಎಂದು ತಯಾರಕರು ಹೇಳುತ್ತಾರೆ. ಆಮೇಲಿನದು ಮೋವರುಗಳಿಗೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ, ಪಂಪು ಜನರೇಟರುಗಳ ಗಟ್ಟಿ ಇಂಜಿನ್ನುಗಳಿಗೆ ಹಲವು ಸಲ 100 ಗಂಟೆಗೊಮ್ಮೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಆ ಮೊದಲನೆಯದು. ಅದನ್ನು ತಪ್ಪಿಸಿದವರು ಇಂಜಿನ್ನಿನ ಬಾಲ್ಯವನ್ನೇ ಹಾಳು ಮಾಡಿದಂತೆ.

ಇನ್ನು ಕೆಲಸ. ಮೊದಲು ಇಂಜಿನ್ನನ್ನು ಐದಾರು ನಿಮಿಷ ಓಡಿಸಿ ಬೆಚ್ಚಗೆ ಮಾಡುತ್ತೇನೆ. ತಣ್ಣಗಿನ ಎಣ್ಣೆ ಜಿನುಗುತ್ತ ಬರುತ್ತದೆ, ಕೊಳೆ ತಳದಲ್ಲೇ ಕೂತಿರುತ್ತದೆ. ಬೆಚ್ಚಗಿನ ಎಣ್ಣೆ ಕೊಳೆಯನ್ನು ಜೊತೆಗೇ ಎಳೆದುಕೊಂಡು ಹರಿಯುತ್ತದೆ. ಸುಡುವಷ್ಟು ಬಿಸಿ ಬೇಡ. ನಿಲ್ಲಿಸಿದ ಕೂಡಲೇ ಸ್ಪಾರ್ಕ್ ಪ್ಲಗ್ಗಿನ ತಂತಿ ಕಿತ್ತು ಪ್ಲಗ್ಗಿಗೆ ತಾಗದಂತೆ ದೂರ ಸರಿಸುತ್ತೇನೆ. ಇದನ್ನು ನಾನು ಎಂದೂ ಬಿಟ್ಟವನಲ್ಲ. ಮೋವರನ್ನು ಓರೆ ಮಾಡುವಾಗ ಕೈ ಬ್ಲೇಡಿನ ಹತ್ತಿರ ಹೋಗುತ್ತದೆ. ಬ್ಲೇಡ್ ತಿರುಗಿದರೆ ಇಂಜಿನ್ ತಿರುಗುತ್ತದೆ, ಬೆಚ್ಚಗಿನ ಇಂಜಿನ್ನಿಗೆ ಒಂದು ಕಿಡಿ ಸಾಕು.

ಡ್ರೈನ್ ಬೋಲ್ಟ್ ಕೈಗೆ ಸಿಗುವ ಇಂಜಿನ್ನುಗಳಲ್ಲಿ ಕೆಲಸ ಸುಲಭ. ಹಲವು ಮೋವರುಗಳಲ್ಲಿ ಅದು ಸಿಗುವುದಿಲ್ಲ, ಎಣ್ಣೆ ಹಾಕುವ ಬಾಯಿಂದಲೇ ಓರೆ ಮಾಡಿ ಸುರಿಸಬೇಕು, ಇಲ್ಲವೇ ಕೈಪಂಪಿನ ಕೊಳವೆ ಇಳಿಸಿ ಎಳೆಯಬೇಕು. ಓರೆ ಮಾಡುವುದಾದರೆ ಟ್ಯಾಂಕಿನ ಪೆಟ್ರೋಲ್ ಮೊದಲೇ ಖಾಲಿ ಮಾಡಿರಬೇಕು, ಏರ್ ಫಿಲ್ಟರ್ ಮತ್ತು ಕಾರ್ಬೊರೇಟರ್ ಇರುವ ಬದಿ ಮೇಲಕ್ಕಿರಬೇಕು. ಒಮ್ಮೆ ಅವಸರದಲ್ಲಿ ತಿರುಗಮುರುಗ ಮಲಗಿಸಿದ್ದೆ. ಎಣ್ಣೆ ಏರ್ ಫಿಲ್ಟರಿಗೆ ಇಳಿದು ಕಾಗದ ತೊಯ್ದು ಹೋಗಿತ್ತು, ಸಿಲಿಂಡರಿನೊಳಗೂ ಸೇರಿತ್ತು. ಹಗ್ಗ ಎಳೆದರೆ ಅರ್ಧಕ್ಕೆ ಗಕ್ಕನೆ ನಿಂತಿತು. ಬಲವಂತ ಮಾಡದೆ ಪ್ಲಗ್ ಬಿಚ್ಚಿ, ನಿಧಾನ ಹಗ್ಗ ಎಳೆದು ಎಣ್ಣೆ ಹೊರಹಾಕಿ, ಫಿಲ್ಟರ್ ಬದಲಿಸಬೇಕಾಯಿತು. ಆಮೇಲೂ ಹತ್ತು ನಿಮಿಷ ಬಿಳಿ ಹೊಗೆ.

ಬೋಲ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೋಲ್ಟ್ ಉಕ್ಕಿನದು, ಅದು ಕೂರುವ ಮನೆ ಅಲ್ಯೂಮಿನಿಯಮ್ಮಿನದು. ಗಟ್ಟಿ ಕೈಯವರು ಉದ್ದ ಸ್ಪ್ಯಾನರ್ ಹಾಕಿ ಇನ್ನೊಂದು ಕಾಲು ಸುತ್ತು ಎಂದು ತಿರುಗಿಸಿದರೆ ಒಳಗಿನ ತಿರುಪಿನ ಮರೆ (ಥ್ರೆಡ್) ಸುಲಿದುಹೋಗುತ್ತದೆ. ಆಮೇಲೆ ಜೀವನಪೂರ್ತಿ ತೊಟ್ಟಿಕ್ಕುವ ಇಂಜಿನ್. ಮೊದಲು ಬೆರಳಿನಲ್ಲೇ ನಾಲ್ಕೈದು ಸುತ್ತು ಹೋಗುವವರೆಗೆ ಸ್ಪ್ಯಾನರ್ ಮುಟ್ಟಬಾರದು. ವಾಷರ್ ಹೊಸದಿದ್ದರೆ ಹೆಚ್ಚು ಬಿಗಿ ಬೇಕಾಗುವುದೂ ಇಲ್ಲ.

ಎಣ್ಣೆ ಪೂರ್ತಿ ಇಳಿಯಲು ಕಾಯಬೇಕು. ಧಾರೆ ನಿಂತು ಹನಿಯಾಗುತ್ತದೆ, ಹನಿಗಳ ನಡುವಿನ ಬಿಡುವು ದೊಡ್ಡದಾಗುತ್ತ ಹೋಗುತ್ತದೆ. ಕೊನೆಕೊನೆಯ ಹನಿಗಳೇ ಹೆಚ್ಚು ಕಪ್ಪು, ಹೆಚ್ಚು ಮಂದ. ನಾನು ಆ ಹೊತ್ತಿನಲ್ಲಿ ಏರ್ ಫಿಲ್ಟರ್ ಬಿಚ್ಚಿ ನೋಡುತ್ತೇನೆ, ಸಿಲಿಂಡರಿನ ಹೊರಮೈಯ ತಂಪಿನ ರೆಕ್ಕೆಗಳ ನಡುವೆ ಸಿಕ್ಕ ಒಣಹುಲ್ಲು ಕೀಳುತ್ತೇನೆ. ಗಾಳಿ ಆಡದ ರೆಕ್ಕೆಗಳಿರುವ ಇಂಜಿನ್ನಿಗೆ ಎಷ್ಟು ಒಳ್ಳೆಯ ಎಣ್ಣೆ ಹಾಕಿದರೂ ಬೇಗ ಬೆಂದುಹೋಗುತ್ತದೆ.

ಯಾವ ಎಣ್ಣೆ ಎಂಬ ಪ್ರಶ್ನೆಗೆ ಉತ್ತರ ಕೈಪಿಡಿಯಲ್ಲಿದೆ. ಆದರೂ ಆ ಅಂಕಿಗಳ ಅರ್ಥ ತಿಳಿದಿದ್ದರೆ ಒಳ್ಳೆಯದು. ಎಸ್‌ಎಇ 30 ಎಂಬುದರಲ್ಲಿ 30 ಎಂದರೆ ಎಣ್ಣೆ 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಎಂಬ ದರ್ಜೆ. 10ಡಬ್ಲ್ಯೂ-30 ಎಂಬುದರ ಡಬ್ಲ್ಯೂ ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಚಳಿಯಲ್ಲಿ 10ರ ದರ್ಜೆಯ ಎಣ್ಣೆಯಷ್ಟು ಸಲೀಸಾಗಿ ಹರಿದು, ಬಿಸಿಯಲ್ಲಿ 30ರಷ್ಟು ಮಂದವಾಗಿ ನಿಲ್ಲುತ್ತದೆ ಎಂದರ್ಥ. ಸುಮಾರು 4 ಡಿಗ್ರಿಗಿಂತ ಮೇಲಿನ ಹವೆಯಲ್ಲಿ ಎಸ್‌ಎಇ 30 ಸಣ್ಣ ಇಂಜಿನ್ನುಗಳ ಹಳೆಯ ಸಂಗಾತಿ. ಬಿರುಬಿಸಿಲಲ್ಲಿ 10ಡಬ್ಲ್ಯೂ-30 ಹಾಕಿದರೆ ಕೆಲವು ಇಂಜಿನ್ನುಗಳು ಸ್ವಲ್ಪ ಹೆಚ್ಚು ಎಣ್ಣೆ ಕುಡಿಯುತ್ತವೆ, ಆಗಾಗ ಮಟ್ಟ ನೋಡುತ್ತಿರಬೇಕು. ಟೂ ಸ್ಟ್ರೋಕ್ ಎಣ್ಣೆಯನ್ನು ಮಾತ್ರ ಇಂಥ ಫೋರ್ ಸ್ಟ್ರೋಕ್ ಇಂಜಿನ್ನಿನ ಹೊಟ್ಟೆಗೆ ಹಾಕಲೇಬಾರದು. ಅದು ಪೆಟ್ರೋಲಿನ ಜೊತೆ ಉರಿದುಹೋಗಲೆಂದೇ ಮಾಡಿದ ಎಣ್ಣೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಬದಲಿಸಲು ಎಣ್ಣೆಯೇ ಇಲ್ಲ. 50ಕ್ಕೆ 1ರ ಮಿಶ್ರಣವಾದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಬೆರೆಸಿದರೆ ಆಯಿತು, ಪ್ರತಿ ಸುತ್ತಿಗೂ ಹೊಸ ಎಣ್ಣೆ.

ಹೆಗಲಿಗೆ ನೇತುಹಾಕುವ ಬ್ರಷ್ ಕಟರುಗಳಲ್ಲಿ ಫೋರ್ ಸ್ಟ್ರೋಕ್ ಇಂಜಿನ್ ಬಂದಿರುವುದರಿಂದ ಇಲ್ಲಿ ಒಂದು ಎಚ್ಚರಿಕೆ ಬೇಕು. ಹೋಂಡಾದ ಜಿಎಕ್ಸ್25 ಎಂಬ 25 ಸಿಸಿ ಇಂಜಿನ್ನಿನಲ್ಲಿ ಇರುವ ಎಣ್ಣೆ 80 ಮಿಲಿಲೀಟರ್ ಮಾತ್ರ. ಔಷಧಿಯ ಸೀಸೆಯಷ್ಟು! ಅದರಲ್ಲಿ 20 ಮಿಲಿ ಕಡಿಮೆಯಾದರೆ ಕಾಲು ಭಾಗವೇ ಹೋದಂತೆ. ಮೋವರಿನ ಅಂದಾಜು ಇಲ್ಲಿ ನಡೆಯುವುದಿಲ್ಲ, ಅಳತೆಯ ಲೋಟ ಬೇಕು.

ತುಂಬುವಾಗ ಯಂತ್ರ ಸಮತಟ್ಟು ನೆಲದ ಮೇಲಿರಬೇಕು. ಡಿಪ್‌ಸ್ಟಿಕ್ ನೋಡುವ ರೀತಿ ಎಲ್ಲ ಇಂಜಿನ್ನಿಗೂ ಒಂದೇ ಅಲ್ಲ: ಕೆಲವದರಲ್ಲಿ ಪೂರ್ತಿ ತಿರುಗಿಸಿ ಬಿಗಿ ಮಾಡಿ ತೆಗೆದು ನೋಡಬೇಕು, ಕೆಲವದರಲ್ಲಿ ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು. ಅದಲುಬದಲಾದರೆ ಅಳತೆಯೇ ತಪ್ಪುತ್ತದೆ. ಹೆಚ್ಚು ಹಾಕಿದರೆ ಒಳ್ಳೆಯದೇ ಎಂಬ ನಂಬಿಕೆಯೂ ಬಿಡಬೇಕು. ತಿರುಗುವ ಭಾಗಗಳು ಹೆಚ್ಚಾದ ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ, ನೊರೆಯಲ್ಲಿ ಇರುವುದು ಅರ್ಧ ಗಾಳಿ. ಉಳಿದದ್ದು ಬ್ರೀದರಿನಿಂದ ಏರ್ ಫಿಲ್ಟರಿಗೆ ನುಗ್ಗಿ ಹೊಗೆಯಾಗುತ್ತದೆ. ಹೇಳಿದ ಪ್ರಮಾಣದ ಮುಕ್ಕಾಲು ಸುರಿದು, ಎರಡು ನಿಮಿಷ ಬಿಟ್ಟು, ಆಮೇಲೆ ಚೂರುಚೂರೇ ಏರಿಸುತ್ತ ಹೋಗುವುದು ನನ್ನ ಪದ್ಧತಿ. ಪ್ರೆಷರ್ ವಾಷರ್ ಇರುವವರು ಅದರ ಪಂಪಿಗೆ ಬೇರೆಯದೇ ಎಣ್ಣೆ ಇರಬಹುದು ಎಂಬುದನ್ನೂ ನೋಡಿಕೊಳ್ಳಲಿ.

ಜನರೇಟರ್ ಇರುವ ಗೆಳೆಯರು ನನಗೆ ಹೇಳುವುದುಂಟು, ನಮ್ಮದರಲ್ಲಿ ಸೆನ್ಸರ್ ಇದೆ, ಎಣ್ಣೆ ಇಳಿದರೆ ತಾನೇ ನಿಲ್ಲುತ್ತದೆ, ಚಿಂತೆಯಿಲ್ಲ ಎಂದು. ಆ ಸೆನ್ಸರ್ ಏನು ಎಂದು ಬಿಚ್ಚಿ ನೋಡಿದ್ದೇನೆ. ಎಣ್ಣೆಯ ಮೇಲೆ ತೇಲುವ ಒಂದು ಬೆಂಡು, ಅದಕ್ಕೊಂದು ಸ್ವಿಚ್ಚು. ಎಣ್ಣೆ ಕೆಳಗಿಳಿದರೆ ಬೆಂಡು ಇಳಿಯುತ್ತದೆ, ಕಿಡಿ ನಿಲ್ಲುತ್ತದೆ. ಬಹಳ ಒಳ್ಳೆಯ ಏರ್ಪಾಡು, ಎಷ್ಟೋ ಇಂಜಿನ್ನುಗಳನ್ನು ಉಳಿಸಿದೆ. ಆದರೆ ಅದು ನೋಡುವುದೂ ಮಟ್ಟವನ್ನೇ. 400 ಗಂಟೆ ಓಡಿ ಟಾರಿನಂತಾದ ಎಣ್ಣೆಯ ಮೇಲೂ ಆ ಬೆಂಡು ನೆಮ್ಮದಿಯಾಗಿ ತೇಲುತ್ತಿರುತ್ತದೆ. ಅವತ್ತು ಬೆಳಿಗ್ಗೆ ನಾನು ನೋಡಿದ ಗೆರೆಯೂ ಅಷ್ಟೇ ನೆಮ್ಮದಿಯಾಗಿತ್ತು.

ಎಣ್ಣೆ ಬದಲಿಸುವುದೇ ಬೇಡ, ಸೇರಿಸುತ್ತಿದ್ದರೆ ಸಾಕು ಎಂದು ಹೇಳಿ ಮಾರುವ ಮೋವರುಗಳೂ ಇವೆ. ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿರುತ್ತಾರೆ, ಖಾತರಿಯ ಅವಧಿ ದಾಟಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರೊಳಗೂ ಪೆಟ್ರೋಲ್ ಉರಿಯುತ್ತದೆ, ನೀರು ಹುಟ್ಟುತ್ತದೆ, ಲೋಹ ಸವೆಯುತ್ತದೆ. ನನ್ನ ಕೈಯಲ್ಲಿದ್ದರೆ ಅದರ ಎಣ್ಣೆಯನ್ನೂ ವರ್ಷಕ್ಕೊಮ್ಮೆ ಇಳಿಸುತ್ತೇನೆ.

ಹಳೆ ಎಣ್ಣೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಬೇಲಿಯ ಬುಡಕ್ಕೆ ಸುರಿದು ಕಳೆ ಸಾಯಿಸುವವರು, ಮೋರಿಗೆ ಬಿಡುವವರು, ಮರಕ್ಕೆ ಬಳಿಯುವವರು ಎಲ್ಲರನ್ನೂ ನೋಡಿದ್ದೇನೆ, ಎಲ್ಲರ ಹತ್ತಿರವೂ ಜಗಳ ಆಡಿದ್ದೇನೆ. ಅದರಲ್ಲಿ ಸವೆದ ಲೋಹವಿದೆ, ಅರೆಬೆಂದ ಪೆಟ್ರೋಲಿನ ವಿಷಗಳಿವೆ, ಅದು ಮಣ್ಣಿನಲ್ಲಿ ಸುಲಭಕ್ಕೆ ಕರಗಿ ಹೋಗುವುದಿಲ್ಲ. ಒಂದು ಸಲ ವಾಹನದ ಎಣ್ಣೆ ಬದಲಿಸಿದಾಗ ಹೊರಬರುವ ಹಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡುವ ಲೆಕ್ಕ. ಮೋವರಿನದು ಅದರ ಒಂದು ಪಾಲು ಇರಬಹುದು, ಇಂಥ ಮೋವರುಗಳು ಎಷ್ಟಿವೆ ಎಂದು ಯೋಚಿಸಿ. ಅದೇ ಎಣ್ಣೆಯನ್ನು ಶುದ್ಧಗೊಳಿಸಿದರೆ ಮತ್ತೆ ಎಂಜಿನ್ ಎಣ್ಣೆಯೇ ಆಗುತ್ತದೆ, ಹಾಳು ಮಾಡುವುದು ಇನ್ನೂ ತಪ್ಪು ಅನ್ನಿಸುತ್ತದೆ. ಹೊಸ ಎಣ್ಣೆ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಬೇರೇನೂ ಬೆರೆಸದೆ, ಹೆಸರು ಬರೆದು, ಹಳೆ ಎಣ್ಣೆ ತೆಗೆದುಕೊಳ್ಳುವ ಕಡೆಗೆ ಮುಟ್ಟಿಸುತ್ತೇನೆ. ಕೈಗೆ ಗ್ಲೌಸ್ ಹಾಕುತ್ತೇನೆ. ಬಳಸಿದ ಎಣ್ಣೆ ಚರ್ಮಕ್ಕೆ ದಿನನಿತ್ಯ ತಾಗುವುದು ಒಳ್ಳೆಯದಲ್ಲ.

ಹುಲ್ಲು ಬೆಳೆಯದ ತಿಂಗಳುಗಳಿಗಾಗಿ ಯಂತ್ರವನ್ನು ಎತ್ತಿಡುವ ಮುಂಚೆಯೇ ನಾನು ಎಣ್ಣೆ ಬದಲಿಸುತ್ತೇನೆ, ಮತ್ತೆ ತೆಗೆಯುವಾಗ ಅಲ್ಲ. ಆಮ್ಲ ಮತ್ತು ನೀರು ತುಂಬಿದ ಎಣ್ಣೆಯಲ್ಲಿ ಬೇರಿಂಗುಗಳು ತಿಂಗಳುಗಟ್ಟಲೆ ನೆನೆಯುವುದು ಬೇಡ. ಹೊಸದು ತುಂಬಿ, ಪ್ಲಗ್ಗಿನ ತಂತಿ ಸೇರಿಸಿ, ಒಂದೆರಡು ನಿಮಿಷ ಓಡಿಸಿದರೆ ಒಳಗೆಲ್ಲ ಹೊಸ ಎಣ್ಣೆಯ ಲೇಪ ಆಗುತ್ತದೆ. ನಿಲ್ಲಿಸಿ, ಬೋಲ್ಟಿನ ಸುತ್ತ ಬೆರಳಾಡಿಸಿ ಒದ್ದೆಯಿಲ್ಲ ಎಂದು ಖಚಿತ ಮಾಡಿಕೊಂಡು, ಹಿಡಿಕೆಗೆ ಅಂಟಿಸಿದ ಪಟ್ಟಿಯ ಮೇಲೆ ತಾರೀಕು ಬರೆಯುತ್ತೇನೆ.

ಕೊನೆಯದಾಗಿ ಮತ್ತೊಮ್ಮೆ ಡಿಪ್‌ಸ್ಟಿಕ್. ಹೊಸ ಎಣ್ಣೆ ಅದರ ಮೇಲೆ ಕಾಣುವುದೇ ಕಷ್ಟ. ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅತ್ತಿತ್ತ ತಿರುಗಿಸಿ, ಒದ್ದೆ ಎಲ್ಲಿ ಮುಗಿಯುತ್ತದೆ, ಒಣ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಸಿಗದಿದ್ದರೆ ಒರೆಸಿ, ಇನ್ನೊಮ್ಮೆ ಇಳಿಸಿ, ಇನ್ನೊಮ್ಮೆ ಹುಡುಕುತ್ತೇನೆ.